ಕುಕ್ಕರ್ ಚೀಲದಲ್ಲಿ ಯಾಕಿತ್ತು

ರಿಮೋಟು ಅತ್ತೆಯ ಮಡಿಲಲ್ಲಿದೆ, ಬ್ಯಾಟರಿಯ ಮುಚ್ಚಳ ಎಂದೋ ಕಳೆದುಹೋಗಿ ಅದಕ್ಕೊಂದು ರಬ್ಬರ್ ಬ್ಯಾಂಡು ಸುತ್ತಿದೆ, ಅತ್ತೆಯ ಹೆಬ್ಬೆರಳು ಆ ರಬ್ಬರನ್ನು ಎಳೆಯುತ್ತದೆ ಬಿಡುತ್ತದೆ, ಎಳೆಯುತ್ತದೆ ಬಿಡುತ್ತದೆ, ಆ ಟಪ್ ಟಪ್ ಅವನ ಕಪಾಳದೊಳಗೇ ಆಗುತ್ತಿರುವಂತಿದೆ — ಅದೊಂದು ಕೈಗೆ ಸಿಕ್ಕಿದರೆ, ಒಂದೇ ಒಂದು ಗಳಿಗೆ ಸಿಕ್ಕಿದರೆ, ಏನಾದರೂ ಒತ್ತಿ ಅಯ್ಯೋ ಸಿಗ್ನಲ್ ಹೋಯ್ತಲ್ಲ ಅಂತ ಮುಖ ಸಪ್ಪೆ ಮಾಡಬಹುದು, ಆದರೆ ವಾರಕ್ಕೊಮ್ಮೆ ಬರುವ ಈ ಅರ್ಧ ಗಂಟೆಯಲ್ಲಿ ಅತ್ತೆಯ ಮಡಿಲಿನಿಂದ ರಿಮೋಟು ಎತ್ತುವ ಗಂಡಸು ಇನ್ನೂ ಹುಟ್ಟಿಲ್ಲ, ನಮ್ಮ ಅಳಿಯಂದೇ ಕಥೆ ಕಣ್ರೀ ಅಂತ ಕೆಳಗಿನ ಮನೆಯವರಿಗೆ, ಹಾಲಿನವನಿಗೆ, ಹಲ್ಲಿನ ಡಾಕ್ಟರಿಗೆ, ಬಾಯೊಳಗೆ ಹತ್ತಿ ತುರುಕಿದ್ದಾಗಲೂ ಹೇಳಿ ಬಂದವರು, ಇವತ್ತು ಊಟವನ್ನೂ ಬೇಗ ಮುಗಿಸಿ ಬಂದು ಕೂತಿದ್ದಾರೆ. ಸೋಫಾದ ಆ ತುದಿಯಲ್ಲಿ ಹೆಂಡತಿ, ಮುಂದೆ ಒಗೆದ ಬಟ್ಟೆಯ ಗುಡ್ಡೆ, ಒಂದು ಕಾಲುಚೀಲದ ಜೊತೆ ಸಿಗದೆ ಇಡೀ ಗುಡ್ಡೆ ಕೆದಕುತ್ತಿದ್ದಾಳೆ, ಅವಳಿಗೆ ಏನೂ ಗೊತ್ತಿಲ್ಲ, ಈಗ ಈ ಪೆಟ್ಟಿಗೆಯೊಳಗೆ ಬರಲಿರುವುದು ಅವಳದೇ ಮಾತು, ಆರು ವರ್ಷದ ಹಿಂದೆ ಅವನೊಬ್ಬನಿಗೇ ಹೇಳಿದ್ದು, ಅಮ್ಮಂಗೆ ಯಾವತ್ತೂ ಗೊತ್ತಾಗ್ಬಾರ್ದು ರೀ ಅಂತ ಅವನ ಮುಂಗೈ ಹಿಡಿದು ಮಾತು ತೆಗೆದುಕೊಂಡಿದ್ದು, ಅದನ್ನು ಎತ್ತಿ ಅವನು ಕಾಮಿಡಿ ಮಾಡಿ ಕೊಟ್ಟಿದ್ದಾನೆ, ಕೊಟ್ಟು ತಿಂಗಳುಗಟ್ಟಲೆ ಆಯಿತು, ಇವತ್ತು ಹೇಳ್ತೀನಿ ನಾಳೆ ಹೇಳ್ತೀನಿ, ಮೊದಲು ಶೂಟಿಂಗ್ ಆಗಲಿ, ಆಮೇಲೆ ಎಡಿಟಿಂಗ್ ಆಗಲಿ, ಯಾರಿಗೆ ಗೊತ್ತು ಚಾನೆಲ್‌ನವರೇ ಬೇಡ ಅಂದರೂ ಅಂದಾರು — ಅನ್ನಲಿಲ್ಲ, ತುಂಬಾ ಚೆನ್ನಾಗಿದೆ ಅಂದರು, ಈ ಹಾಳು ಚಾನೆಲ್‌ನವರು ಅವನ ಜನ್ಮದಲ್ಲಿ ಮೊದಲ ಸಲ ಅಂದರು. ಟೈಟಲ್ ಹಾಡು ಶುರುವಾಗಿದೆ.

ತಿರುಗು ಕುರ್ಚಿ. ಹೆಸರಿಟ್ಟವನು ದಾಡಿ, ಬರೆಯುವವರ ಕೋಣೆಗೆ ಅವನೇ ಮೇಸ್ತ್ರಿ, ಕ್ಷೌರದಂಗಡಿಯ ಸೀರಿಯಲ್ ಮಾಡುತ್ತಾ ಒಂದು ದಿನವಾದರೂ ತನ್ನ ಗಡ್ಡಕ್ಕೆ ಕತ್ತರಿ ತೋರಿಸದ ಮಹಾಶಯ — ಅಂಗಡಿಗೆ ಗಿರಾಕಿ ಬರುತ್ತಾನೆ, ಕೂರುತ್ತಾನೆ, ಕನ್ನಡಿ ನೋಡಿಕೊಂಡು ಛೇ ಅವತ್ತು ಹಾಗೆ ಮಾಡ್ಬಾರ್ದಿತ್ತು ಅನ್ನುತ್ತಾನೆ, ಅಷ್ಟಾದರೆ ಸಾಕು, ಕ್ಷೌರಿಕ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಎಲ್ಲೀವರೆಗೆ ತೆಗೀಲಿ ಸಾರ್, ಕಿವಿವರೆಗಾ, ಕುತ್ತಿಗೆವರೆಗಾ, ಕಾಲೇಜಿನವರೆಗಾ ಎಂದು ಕೇಳಿ ಕುರ್ಚಿಯನ್ನು ಹಿಂದಕ್ಕೆ ಗರಗರ ತಿರುಗಿಸಿಬಿಡುತ್ತಾನೆ, ಗಿರಾಕಿ ಹೋಗಿ ಆ ಹಳೆಯ ದಿನದಲ್ಲಿ ಬೀಳುತ್ತಾನೆ, ಅರ್ಧ ತಲೆ ಕತ್ತರಿಸುವಷ್ಟರಲ್ಲಿ ತಪ್ಪು ಸರಿಮಾಡಿಕೊಂಡು ವಾಪಸ್ ಬರಬೇಕು, ಬಂದಾಗ ಮುಖದ ತುಂಬ ಕಣ್ಣೀರು, ತಲೆ ಮಾತ್ರ ಅರ್ಧ ಬೋಳು, ಜನ ಅಳಬೇಕೋ ನಗಬೇಕೋ ಗೊತ್ತಾಗದೆ ಎರಡನ್ನೂ ಮಾಡುತ್ತಾರೆ. ಪ್ರತಿ ಸೋಮವಾರ ಬರೆಯುವವರು ಒಬ್ಬೊಬ್ಬರೂ ಒಂದೊಂದು ಪಶ್ಚಾತ್ತಾಪ ತರಬೇಕು, ನಿಜದ್ದೇ ಆಗಬೇಕು, ಸುಳ್ಳಾದ್ರೆ ವಾಸನೆ ಬರುತ್ತೆ ಕಣ್ರೋ ಅನ್ನುತ್ತಾನೆ ದಾಡಿ, ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟ ಆ ಕೋಣೆಯಲ್ಲಿ, ತೆರೆಯಲು ಬಾರದ ಕಿಟಕಿಯ ಪಕ್ಕ, ಎಲ್ಲರೂ ತಮ್ಮ ತಮ್ಮ ಹೊಟ್ಟೆಯೊಳಗಿದ್ದದ್ದನ್ನು ಕಕ್ಕಬೇಕು, ದಾಡಿ ಅದರಲ್ಲಿ ಕಡ್ಡಿ ಆಡಿಸಿ ಬೇಕಾದ್ದನ್ನು ಆರಿಸಿಕೊಳ್ಳಬೇಕು. ದಾಡಿ ಹೇಳುವ ಕಾನೂನು ಎರಡೇ, ಪಶ್ಚಾತ್ತಾಪಕ್ಕೆ ಕೈಯಲ್ಲಿ ಹಿಡಿಯುವಂಥ ಒಂದು ಸಾಮಾನು ಇರಬೇಕು, ಮತ್ತೆ ಯಾರೂ ಸಾಯೋ ಹಾಗಿಲ್ಲ, ಬೇಕಾದ್ರೆ ದೂರ ಹೋಗ್ಲಿ.

ತನ್ನ ಪಶ್ಚಾತ್ತಾಪಗಳನ್ನೆಲ್ಲ ಅಳಿಯ ಮೊದಲ ವರ್ಷವೇ ಖಾಲಿ ಮಾಡಿದ್ದ, ಚಿಕ್ಕಪ್ಪನ ಸ್ಕೂಟರ್ ಕದ್ದು ಓಡಿಸಿ ಬೀಳಿಸಿದ್ದು, ಕಾಲೇಜಿನಲ್ಲಿ ಒಬ್ಬಳಿಗೆ ಹೇಳದೆ ಉಳಿದದ್ದು, ಅಪ್ಪನ ಕನ್ನಡಕದ ಮೇಲೆ ಕೂತು ನಾನಲ್ಲ ಅಂದದ್ದು, ಮನೆ ಬದಲಿಸುವಾಗ ಬೀದಿನಾಯಿಯನ್ನು ಬಿಟ್ಟುಬಂದದ್ದು, ಆ ನಾಯಿಗೆ ಎರಡು ಎಪಿಸೋಡ್ ಬಂತು, ಆಮೇಲೆ ಏನೂ ಉಳಿಯಲಿಲ್ಲ, ಇಷ್ಟು ವಯಸ್ಸಾದ ಮನುಷ್ಯನ ಬಳಿ ಇಷ್ಟೇ ಇಷ್ಟು ಪಶ್ಚಾತ್ತಾಪವೇ ಎಂದು ಅವನಿಗೇ ನಾಚಿಕೆಯಾಗಿತ್ತು — ಆ ಸೋಮವಾರ ಎಲ್ಲರದ್ದೂ ಆಗಿ ಸರದಿ ಅವನ ಮುಂದೆ ಬಂದು ನಿಂತಿತು, ಏನಪ್ಪಾ, ಬರಿಗೈಯಲ್ಲಿ ಬಂದ್ಯಾ, ಕೆಲಸ ಬೇಡ್ವಾ, ದಾಡಿ ನಗುತ್ತಲೇ ಅಂದ, ನಗುತ್ತಲೇ ಅಂದದ್ದು ಹೆಚ್ಚು ಚುಚ್ಚಿತು, ಬಾಯಿ ತಾನಾಗಿ ತೆರೆಯಿತು, ನಮಗೆ ಗೊತ್ತಿರೋರು ಒಬ್ರು, ಅವನು ಹಾಗೇ ಶುರು ಮಾಡಿದ್ದು, ಗೊತ್ತಿರೋರು ಒಬ್ರು, ಅವ್ರ ತಂಗಿ ಗಂಡನ ಮನೆ ಬಿಟ್ಟು ಬಂದ್ಳು, ಕೈಯಲ್ಲಿ ಒಂದು ಕುಕ್ಕರ್ ಹಿಡ್ಕೊಂಡು. ಕುಕ್ಕರಾ? ಕೋಣೆಯೆಲ್ಲ ಎದ್ದು ಕೂತಿತು. ಹೂಂ, ಬಟ್ಟೆ ಇಲ್ಲ, ಒಡವೆ ಇಲ್ಲ, ಪ್ರೆಷರ್ ಕುಕ್ಕರ್ ಒಂದೇ, ಬಟ್ಟೆ ಚೀಲದಲ್ಲಿ ಹಾಕ್ಕೊಂಡು. ಹೊಟ್ಟೆ ಹಿಡಿದುಕೊಂಡು ನಕ್ಕರು, ಯಾರೋ ಮೂಗಿನಲ್ಲಿ ಸೀಟಿ ಹೊಡೆದು ತೋರಿಸಿದರು, ದಾಡಿ ಮೇಜು ಗುದ್ದಿ ಕುಕ್ಕರ್ ಇದ್ಯಲ್ಲ ಅದೇ ಎಪಿಸೋಡ್ ಅಂದ, ಅಷ್ಟು ಜನ ಅವನ ಮಾತಿಗೆ ನಗದೆ ಎಷ್ಟು ಕಾಲವಾಗಿತ್ತೋ, ಆ ನಗು ಮೈಗೆ ಬಿಸಿಬಿಸಿ ತಾಗಿತು, ಇನ್ನಷ್ಟು ಬೇಕು ಅನ್ನಿಸಿತು, ಇನ್ನಷ್ಟು ಕೊಟ್ಟ, ಬಾಗಿಲು ಕೊಟ್ಟ, ಬಾಗಿಲ ತೂತು ಕೊಟ್ಟ, ಒಂದೇ ಸಲ ಹೊಡೆದ ಬೆಲ್ ಕೊಟ್ಟ, ಎಲ್ಲವನ್ನೂ ಕೊಟ್ಟ.

ಅಯ್ಯೋ ನೋಡೇ, ಕುಕ್ಕರ್ ಹಿಡ್ಕೊಂಡು ಕಟಿಂಗ್‌ಗೆ ಬಂದವ್ನೆ! ಅತ್ತೆ ನಗುತ್ತಿದ್ದಾರೆ, ಭುಜ ಕುಣಿಯುತ್ತಿದೆ, ಟಿವಿಯಲ್ಲಿ ಆ ದಪ್ಪ ನಟ ಕುಕ್ಕರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಕ್ಷೌರಿಕ ಕುಕ್ಕರಿಗೂ ಒಂದು ಬಿಳಿ ಬಟ್ಟೆ ಹೊದಿಸಿ ಇದಕ್ಕೆಷ್ಟು ತೆಗೀಲಿ ಸಾರ್ ಎಂದು ಕೇಳುತ್ತಿದ್ದಾನೆ, ನಗು ತುಂಬಿದ ಯಂತ್ರದಿಂದ ನಗು ಸುರಿಯುತ್ತಿದೆ, ಅತ್ತೆಯದೂ ಅದರೊಳಗೆ ಸೇರಿಕೊಂಡಿದೆ — ಹೆಂಡತಿಯ ಕೈ ಒಂದು ಗಳಿಗೆ ನಿಂತಿತು, ಕಾಲುಚೀಲ ಹಿಡಿದ ಕೈ, ತಲೆ ಎತ್ತಿ ಅವನನ್ನು ನೋಡಿದಳು, ಅವನು ಟಿವಿಯನ್ನು ನೋಡಿದ, ಜೀವನದಲ್ಲಿ ಇಷ್ಟು ಗಮನವಿಟ್ಟು ಅವನು ಟಿವಿ ನೋಡಿದ್ದೇ ಇಲ್ಲ, ಅವಳ ದೃಷ್ಟಿ ಕೆನ್ನೆಯ ಮೇಲೆ ಕೂತದ್ದು ಗೊತ್ತಾಗುತ್ತಿತ್ತು, ಆಮೇಲೆ ಎದ್ದು ಹೋಯಿತು, ಮತ್ತೆ ಬಟ್ಟೆ ಮಡಚುವ ಸದ್ದು. ಎಲ್ಲ ಬದಲಾಯಿಸಿದ್ದೀನಿ, ಗುರುತೇ ಸಿಗದ ಹಾಗೆ ಬದಲಾಯಿಸಿದ್ದೀನಿ, ಅಕ್ಕ ತಂಗಿಯರನ್ನು ಅಣ್ಣ ತಮ್ಮಂದಿರು ಮಾಡಿದ್ದೀನಿ, ಗಂಡನ ಮನೆ ಬಿಟ್ಟು ಬಂದವಳ ಜಾಗದಲ್ಲಿ ಹೆಂಡತಿಯ ಮನೆಯಿಂದ ಓಡಿಬಂದ ಮನೆ ಅಳಿಯ ಇದ್ದಾನೆ, ಸಾವಿನ ಜಾಗದಲ್ಲಿ ತಮ್ಮ ಹಡಗು ಹತ್ತಿ ಹೋಗಿ ಪತ್ತೆಯಿಲ್ಲದವನಾಗುತ್ತಾನೆ, ಊರಿಲ್ಲ ಹೆಸರಿಲ್ಲ, ಹೇಗೆ ಗೊತ್ತಾಗುತ್ತೆ, ಯಾರಿಗೆ ಗೊತ್ತಾಗುತ್ತೆ — ಕುಕ್ಕರ್ ಒಂದು ಉಳಿಯಿತು. ಉಳಿಸಿದ. ನಗು ಅದರಲ್ಲೇ ಇತ್ತಲ್ಲ.

ಅವಳು ಹೇಳಿದ್ದು ಬಚ್ಚಲಿನಲ್ಲಿ, ನಲ್ಲಿ ಪೂರ್ತಿ ತಿರುಗಿಸಿಟ್ಟು, ಹೊರಗೆ ಕೂತ ಅಮ್ಮನಿಗೆ ಕೇಳಬಾರದೆಂದು, ಬಕೆಟ್ ತುಂಬಿ ನೀರು ಪಾದದ ಮೇಲೆ ಹರಿಯುತ್ತಿತ್ತು, ಸಣ್ಣಿಯನ್ನು ಮಣ್ಣು ಮಾಡಿ ಬಂದ ದಿನ, ಸಣ್ಣಿ, ಅವನ ನಾದಿನಿ, ಮನೆಗೆ ಕಿರಿಯಳೆಂದು ಎಲ್ಲರ ಬಾಯಲ್ಲೂ ಸಣ್ಣಿ — ಅವ್ಳು ಬಂದಿದ್ಳು ರೀ, ನಾಲ್ಕ್ ದಿನದ್ ಹಿಂದೆ ಮಧ್ಯಾಹ್ನ ಇಲ್ಲಿಗೆ ಬಂದಿದ್ಳು, ನಾನು ತೆಗೀಲಿಲ್ಲ. ಮೂರು ಸಲ ಬಂದು ಮೂರು ಸಲವೂ ವಾಪಸ್ ಹೋದವಳು, ಪ್ರತಿ ಸಲ ಆ ಮಹಾನುಭಾವ ಗಂಡ ಬಂದು ಸೋಫಾದ ಮೇಲೆ ಕೂತು ಅತ್ತು ಕರೆದು ಕೈ ಹಿಡಿದು ಕರಕೊಂಡು ಹೋಗುತ್ತಿದ್ದ, ಪ್ರತಿ ಸಲ ಅಕ್ಕ ಸಿಟ್ಟಾಗಿ, ಇನ್ನೊಂದ್ಸಲ ಹೋದ್ರೆ ನನ್ನ ಬಾಗಿಲಿಗೆ ಬರ್ಬೇಡ ಅಂದಿದ್ದಳು, ಅಂದದ್ದು ಸಿಟ್ಟಿಗೆ, ಯಾರಾದರೂ ಅನ್ನುವ ಮಾತು — ಆ ಮಧ್ಯಾಹ್ನ ಬೆಲ್ ಆಯಿತು, ತೂತಿನಲ್ಲಿ ಕಣ್ಣಿಟ್ಟು ನೋಡಿದಳು, ಗಾಜಿನೊಳಗೆ ತಂಗಿಯ ಮುಖ ಊದಿ ದೊಡ್ಡದಾಗಿತ್ತು, ಮೂಗೇ ಮುಂದೆ, ಮೈ ಸಣ್ಣಗೆ ಕೆಳಗೆಲ್ಲೋ, ಕೈಯಲ್ಲೊಂದು ಭಾರದ ಚೀಲ, ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು, ಇನ್ನೊಂದ್ಸಲ ಬೆಲ್ ಮಾಡ್ಲಿ ತೆಗೀತೀನಿ ಅಂದ್ಕೊಂಡೆ ರೀ, ಒಂದ್ಸಲ ಕಾಯ್ಲಿ, ಗೊತ್ತಾಗ್ಲಿ ಅವ್ಳಿಗೆ, ಇನ್ನೊಂದ್ಸಲ ಮಾಡಿದ ತಕ್ಷಣ ತೆಗೀತಿದ್ದೆ, ಆಣೆಗೂ ತೆಗೀತಿದ್ದೆ. ಅಡುಗೆಮನೆಗೆ ಹೋಗಿ ಬೆನ್ನು ಮಾಡಿ ನಿಂತಳಂತೆ, ಕಿವಿ ಮಾತ್ರ ಬಾಗಿಲ ಕಡೆ. ಸಣ್ಣಿ ಇನ್ನೊಂದು ಸಲ ಬೆಲ್ ಮಾಡಲಿಲ್ಲ. ಎರಡು ದಿನ ಬಿಟ್ಟು ಆ ಮನೆಯ ತಾರಸಿಯಿಂದ ಬಿದ್ದಳು, ಬಟ್ಟೆ ಒಣಗಿಸುವಾಗ ಕಾಲು ಜಾರಿತು ಎಂದರು ಗಂಡನ ಮನೆಯವರು, ಪೊಲೀಸಿನವರೂ ತಲೆಯಾಡಿಸಿದರು, ಅಂದು ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ ಎಂದು ಅತ್ತೆ ಒಬ್ಬರೇ ಕೂಗಿದರು, ಯಾರು ಕೇಳಬೇಕು. ನೀವು ಯಾರ್ ಹತ್ರಾನೂ ಹೇಳಲ್ಲ ಅಲ್ವಾ, ಅಮ್ಮಂಗೆ ಗೊತ್ತಾದ್ರೆ ನಾನು ಬದುಕಲ್ಲ. ಇಲ್ಲ ಕಣೇ, ಯಾರಿಗೂ ಹೇಳಲ್ಲ, ಅವನು ನಲ್ಲಿ ನಿಲ್ಲಿಸಿದ. ಮಾರನೆಯ ದಿನ ಬಾಗಿಲ ತೂತಿಗೆ ಅವಳು ಒಳಗಿನಿಂದ ಟೇಪು ಅಂಟಿಸಿದಳು, ಗಾಳಿ ಬರುತ್ತೆ ಅಂದಳು.

ಅದು ಹೆಂಡತಿಯ ಮಾತು. ಅತ್ತೆಯ ಮಾತು ಬೇರೆ, ಅತ್ತೆಯದು ಮಾತಲ್ಲ ಪ್ರಶ್ನೆ, ಆರು ವರ್ಷದಿಂದ ಒಂದೇ ಪ್ರಶ್ನೆ — ಮಗಳ ಸಾಮಾನು ತರಲು ಆ ಮನೆಗೆ ಹೋದಾಗ ಮುಂಬಾಗಿಲ ಹಿಂದೆ ಒಂದು ಬಟ್ಟೆ ಚೀಲ ಇತ್ತು, ಬಿಚ್ಚಿದರೆ ಕುಕ್ಕರ್, ಸಣ್ಣಿ ಮೊದಲ ಸಂಬಳದಲ್ಲಿ ಕೊಂಡ ಕುಕ್ಕರ್, ಮದುವೆಗೆ ಮುಂಚಿನದು, ಇದು ನಂದು ಯಾರೂ ಮುಟ್ಬೇಡಿ ಎಂದು ಮುಚ್ಚಳದ ಒಳಗೆ ಮೊಳೆಯಲ್ಲಿ ಗೀಚಿಕೊಂಡಿದ್ದಳು. ಅಡುಗೆಮನೆಯಲ್ಲಿರೋ ಕುಕ್ಕರ್ ಚೀಲದಲ್ಲಿ ಯಾಕಿತ್ತು? ಪೊಲೀಸಿನವನನ್ನು ಕೇಳಿದರು, ರಿಪೇರಿಗೆ ಇಟ್ಟಿರಬಹುದು ಬಿಡಮ್ಮ ಅಂದ, ಸಣ್ಣಿಯ ಗಂಡನನ್ನು ಕೇಳಿದರು, ಅವನು ತಲೆ ಎತ್ತಲಿಲ್ಲ, ಅತ್ತೆ ಇಲ್ಲಿಗೇ ಬಂದು ಇದ್ದುಬಿಟ್ಟ ಮೇಲೆ ಇವನನ್ನು ಕೇಳುತ್ತಾರೆ, ಬೆಳಿಗ್ಗೆ ಪೇಪರ್ ಓದುತ್ತಾ, ಸೊಪ್ಪು ಬಿಡಿಸುತ್ತಾ, ಯಾವ ಸಂದರ್ಭವೂ ಬೇಕಿಲ್ಲ, ನೀವು ಓದಿದೋರು, ಕಥೆ ಬರೆಯೋರು, ಹೇಳಿ ನೋಡೋಣ, ಕುಕ್ಕರ್ ಚೀಲದಲ್ಲಿ ಯಾಕಿತ್ತು, ಎಲ್ಲಿಗಾದ್ರೂ ಹೊರಟಿದ್ಳಾ, ಹೊರಟಿದ್ರೆ ಎಲ್ಲಿಗೆ, ನಮ್ಮನೆ ಬಿಟ್ರೆ ಎಲ್ಲಿಗೆ ಹೋಗ್ತಾಳೆ, ಹಾಗಿದ್ರೆ ಯಾಕೆ ಬರ್ಲಿಲ್ಲ? ಅವನು ಏನೋ ಗೊಣಗುತ್ತಾನೆ, ಹೆಂಡತಿ ಎದ್ದು ಹೋಗಿ ಪಾತ್ರೆ ಕುಕ್ಕುತ್ತಾಳೆ. ಕುಕ್ಕರ್ ಅತ್ತೆಯ ಬೀರುವಿನಲ್ಲಿದೆ, ಸೀರೆಗಳ ನಡುವೆ, ಅದೇ ಚೀಲದಲ್ಲಿ. ಹೆಂಡತಿಯನ್ನು ಬಿಟ್ಟರೆ ಇಡೀ ಭೂಮಿಯ ಮೇಲೆ ಪ್ರಶ್ನೆಯೂ ಉತ್ತರವೂ ಎರಡೂ ಗೊತ್ತಿದ್ದವನು ಇವನು, ಪ್ರತಿ ದಿನ ಇವೆರಡರ ನಡುವೆ ಕೂತು ಉಂಡು ಎದ್ದವನು, ಆದರೂ ಆ ಸೋಮವಾರ ಆ ಕೋಣೆಯಲ್ಲಿ ಅವನಿಗೆ ಅತ್ತೆಯ ಪ್ರಶ್ನೆ ನೆನಪಾಗಲಿಲ್ಲ ಎಂದರೆ ಯಾರು ನಂಬುತ್ತಾರೆ, ದೇವರಾಣೆ ನೆನಪಾಗಲಿಲ್ಲ, ಕೈಯಲ್ಲಿ ಹಿಡಿಯುವಂಥ ಒಂದು ಸಾಮಾನು ಎಂದಷ್ಟೇ ಕಂಡಿತು, ಅದು ಈ ಕೆಲಸದ ರೋಗ, ಯಾವುದು ನಗು ತರುತ್ತೆ ಅನ್ನುವುದೊಂದು ಕಂಡರೆ ಸಾಕು ಮಿಕ್ಕದ್ದೆಲ್ಲ ಕುರುಡು. ನೆನಪಾದದ್ದು ಮನೆಗೆ ಬರುವ ಬಸ್ಸಿನಲ್ಲಿ. ಇಳಿದು ಅಲ್ಲೇ ಫುಟ್‌ಪಾತಿನ ಮೇಲೆ ನಿಂತು ದಾಡಿಗೆ ಫೋನ್ ಮಾಡಿದ, ಸಾರ್ ಆ ಕುಕ್ಕರ್ ಬೇಡ, ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳೋಣ, ಇಲ್ಲ ಫ್ಯಾನು, ಟೇಬಲ್ ಫ್ಯಾನು ಇನ್ನೂ ತಮಾಷೆಯಾಗಿರುತ್ತೆ — ತಲೆ ಕೆಟ್ಟಿದೆಯಾ ನಿಂಗೆ, ಫ್ಯಾನು ಸೀಟಿ ಹೊಡೆಯುತ್ತಾ?

ಬ್ರೇಕ್. ಸೋಪಿನ ಜಾಹೀರಾತು, ಅತ್ತೆ ದನಿ ಕಡಿಮೆ ಮಾಡಿದರು, ಎಷ್ಟು ಚೆನ್ನಾಗಿ ಬರ್ದಿದ್ದೀರಿ, ಆ ತಮ್ಮನ್ನ ನೋಡಿದ್ರೆ ಪಾಪ ಅನ್ಸುತ್ತೆ, ಹೆಂಡತಿ ಮನೇಲಿ ಬರೀ ಬೈಗುಳ ತಿನ್ಕೊಂಡು, ಅಣ್ಣನ ಮನೆಗೆ ಬಂದ್ನಾ, ಅಣ್ಣ ಏನ್ ಮಾಡಿದ, ಅದನ್ನ ಇನ್ನೂ ತೋರಿಸ್ಲಿಲ್ಲ ಅಲ್ವಾ — ತೋರಿಸ್ತಾರೆ ಅತ್ತೆ, ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಹೆಂಡತಿ ನೀರಿಗೆಂದು ಎದ್ದಳು. ಈಗ. ಈಗ ಎದ್ದು ಹೋಗಬೇಕು, ಹೋಗಿ ಹೇಳಬೇಕು, ಬೈಯಲಿ, ಹೊಡೆಯಲಿ, ಅಮ್ಮನನ್ನು ಹೇಗಾದರೂ ಒಳಗೆ ಕರಕೊಂಡು ಹೋಗುತ್ತಾಳೆ, ಮಾತ್ರೆ ತಗೊಂಡ್ಯಾ ಅನ್ನುತ್ತಾಳೆ, ಹೊಟ್ಟೆನೋವು ಅನ್ನುತ್ತಾಳೆ, ಅವಳಿಗೆ ಅವೆಲ್ಲ ಬರುತ್ತವೆ, ಆರು ವರ್ಷದಿಂದ ಅಮ್ಮನನ್ನು ಆ ಒಂದು ಮಾತಿನಿಂದ ತಪ್ಪಿಸಿಕೊಂಡು ಓಡಾಡಿದವಳಲ್ಲವೇ — ಎದ್ದ, ಅಡುಗೆಮನೆಗೆ ಹೋದ, ಅವಳು ಫ್ರಿಜ್ಜಿನ ಬೆಳಕಿನಲ್ಲಿ ನಿಂತಿದ್ದಳು, ಬಾಟಲಿ ಹಿಡಿದು, ತಿರುಗದೆಯೇ ಕೇಳಿದಳು, ಕುಕ್ಕರ್ ಯಾಕ್ ಹಾಕಿದ್ರಿ. ಸುಮ್ನೆ ಕಣೇ, ತಮಾಷೆಗೆ. ಅಮ್ಮ ಪಾಪ ನಗ್ತಾ ಇದಾಳೆ, ಒಳಗೊಳಗೆ ಏನ್ ಅನ್ಕೋತಾಳೋ, ನನಗಾದ್ರೂ ಒಂದ್ ಮಾತು ಹೇಳ್ಬೇಕಾಗಿತ್ತು. ಹೂಂ, ತಪ್ಪಾಯ್ತು. ಬಾಟಲಿಯ ಮುಚ್ಚಳ ತಿರುಗಿಸಿದಳು, ಕುಡಿಯಲಿಲ್ಲ, ಬಾಗಿಲು ಗೀಗಿಲು ಏನೂ ಇಲ್ಲ ತಾನೇ? ನಗುತ್ತಲೇ ಕೇಳಿದಳು, ಎಂಥ ನಗು ಅದು, ಇಲ್ಲ ಅಂತೀರಿ ಅಂತ ಗೊತ್ತಿದ್ದು ಕೇಳುವ ನಗು, ಸುಮ್ಮನೆ ಬಾಯಿಮಾತಿಗೆ ಕೇಳುವ ನಗು, ಇಷ್ಟು ವರ್ಷದಲ್ಲಿ ಅವನ ಮೇಲಿಟ್ಟಿದ್ದೆಲ್ಲ ಆ ನಗುವಿನಲ್ಲಿತ್ತು, ಅವನ ನಾಲಿಗೆ ಹೊರಳಿತು — ಇಲ್ಲ. ಅಂದುಬಿಟ್ಟ. ಇಲ್ಲಪ್ಪ, ಎಲ್ಲಿ ಬಾಗಿಲು. ಥೂ, ಇದಕ್ಕಿಂತ ಕೀಳಾಗಿ ಯಾರಾದರೂ ಬದುಕಬಹುದೇ, ಇನ್ನು ಕೆಲವೇ ನಿಮಿಷಕ್ಕೆ ಬೀಳುವ ಸುಳ್ಳು, ಗೊತ್ತಿದ್ದೂ ಗೊತ್ತಿದ್ದೂ ಹೇಳಿದ, ಆ ಕೆಲವು ನಿಮಿಷ ಅವಳು ಹಾಗೇ ನಗುತ್ತಿರಲಿ ಎಂದೋ, ತಾನು ಉಳಿಯಲಿ ಎಂದೋ. ಆಡ್ ಮುಗೀತು ಬನ್ರೋ, ಅತ್ತೆ ಕೂಗಿದರು, ಶುರುವಾಯ್ತು!

ಬಾಗಿಲು. ಪರದೆಯ ತುಂಬ ಬಾಗಿಲೇ, ಹಸಿರು ಬಣ್ಣ ಹೊಡೆಸಿದ್ದಾರೆ, ನಡುವೆ ತೂತು, ದಪ್ಪ ಅಣ್ಣ ಬನಿಯನ್ನಿನಲ್ಲಿ ಬಂದು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೂತಿಗೆ ಇಡುತ್ತಾನೆ, ನಗು ಸುರಿಯುತ್ತದೆ — ಹೆಂಡತಿ ಬಾಟಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು, ಅವನು ಕುರ್ಚಿಯಲ್ಲಿ ಕೂತಿದ್ದಾನೆ, ಅವಳು ಅವನ ಬೆನ್ನ ಹಿಂದೆ ಇದ್ದಾಳೆ, ತಿರುಗಿ ನೋಡುವ ಧೈರ್ಯ ಯಾವ ಮಗನಿಗಿದೆ — ಗಾಜಿನೊಳಗೆ ತಮ್ಮನ ಮುಖ, ಊದಿಕೊಂಡು, ಮೂಗೇ ಮುಂದೆ, ಒಂದು ಸಲ ಬೆಲ್, ಇನ್ನೊಂದ್ಸಲ ಮಾಡ್ಲಿ, ಆಮೇಲ್ ತೆಗೀತೀನಿ, ಸ್ವಲ್ಪ ಬುದ್ಧಿ ಬರ್ಲಿ ಇವನಿಗೆ, ಅನ್ನುತ್ತಾನೆ ಅಣ್ಣ, ಆ ಮಾತನ್ನೂ ಹಾಗೇ ಇಟ್ಟಿದ್ದ, ಅವಳ ಮಾತು, ನಲ್ಲಿ ನೀರಿನ ಸದ್ದಿನಲ್ಲಿ ಕೇಳಿದ ಮಾತು, ಅದಕ್ಕಿಂತ ಒಳ್ಳೆಯ ಡೈಲಾಗು ಅವನಿಗೆ ಹೊಳೆದಿರಲಿಲ್ಲ. ಬೆನ್ನ ಹಿಂದೆ ಬಾಟಲಿ ಮೇಜಿನ ಮೇಲೆ ಕೂತ ಸದ್ದು, ಮೆಲ್ಲಗೆ. ಅತ್ತೆ ನಗುತ್ತಿದ್ದರು, ನಗುತ್ತಲೇ ಇದ್ದರು, ಯಾವಾಗ ನಿಂತಿತೋ ಗೊತ್ತಾಗಲಿಲ್ಲ, ಪೆಟ್ಟಿಗೆಯೊಳಗಿನ ನಗು ಮಾತ್ರ ಉಳಿಯಿತು, ರಬ್ಬರ್ ಬ್ಯಾಂಡಿನ ಸದ್ದೂ ಇಲ್ಲ. ತಮ್ಮ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾನೆ, ಕುಕ್ಕರಿನ ಮುಚ್ಚಳ ಒಳಗೆ ಠಣ್ ಅನ್ನುತ್ತದೆ, ಮೆಟ್ಟಿಲು ಇಳಿಯುತ್ತಾನೆ, ಹೆಂಡತಿಯ ಮನೆಗೆ ಮರಳಿ ಹೋಗಿ ಚೀಲವನ್ನು ಬಾಗಿಲ ಹಿಂದೆ ಇಡುತ್ತಾನೆ, ಒಳಗಿನ ಸಾಮಾನು ತೆಗೆಯುವುದೂ ಇಲ್ಲ — ಅದನ್ನೂ ಬರೆದಿದ್ದೆನೇ, ಅದನ್ನೂ, ಅಯ್ಯೋ ಪಾಪಿ.

ಆಮೇಲೆ ಕುರ್ಚಿ ತಿರುಗುತ್ತದೆ, ಗರಗರ, ಅಣ್ಣ ಆ ದಿನಕ್ಕೆ ಹೋಗಿ ಬೀಳುತ್ತಾನೆ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಓಡುತ್ತಾನೆ, ಬೆಲ್ ಆಗುವ ಮೊದಲೇ ಬಾಗಿಲು ಕಿತ್ತು ತೆಗೆಯುತ್ತಾನೆ, ತಮ್ಮ ಇನ್ನೂ ಬೆರಳು ಎತ್ತಿಕೊಂಡು ನಿಂತಿದ್ದಾನೆ, ಬಾರೋ, ಒಳಗ್ ಬಾರೋ, ಊಟ ಆಯ್ತೇನೋ, ಒಳಗೆ ಎಳೆದುಕೊಳ್ಳುತ್ತಾನೆ, ಕುಕ್ಕರನ್ನು ಒಲೆಯ ಮೇಲೆ ಇಡುತ್ತಾನೆ, ಸೀಟಿ, ಚಪ್ಪಾಳೆ, ಚಪ್ಪಾಳೆಯನ್ನೂ ಹಾಕಿದ್ದಾರೆ ನನ್ಮಕ್ಕಳು. ಅತ್ತೆ ಟಿವಿಯನ್ನು ನೋಡುತ್ತಲೇ ಇದ್ದಾರೆ, ಅರ್ಧ ಬೋಳು ತಲೆಯ ಅಣ್ಣ ಅಳುತ್ತಿದ್ದಾನೆ, ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿವೆ, ಕಥೆ ಎಂದು ಅವನ ಹೆಸರೂ ಬಂತು ಹೋಯಿತು, ಅತ್ತೆ ಟಿವಿ ಆರಿಸಿದರು. ಆರಿಸಿ ರಿಮೋಟನ್ನು ಪಕ್ಕಕ್ಕೆ ಇಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯವಾದದ್ದು, ಸೊಪ್ಪಿನವನನ್ನು ಬೆಲೆ ಕೇಳುವ ದನಿ, ಇಲ್ಲಿಗೆ ಬಂದಿದ್ಳಾ ಅಂತ ಕೇಳಿದರು, ಮಗಳ ಕಡೆ ತಿರುಗದೆ. ಕುಕ್ಕರ್ ಹಿಡ್ಕೊಂಡು ಇಲ್ಲಿಗೆ ಬಂದಿದ್ಳೇನೇ? ಬೆನ್ನ ಹಿಂದಿನಿಂದ ಹೂಂ ಎಂಬ ಒಂದು ಸದ್ದು, ಅಮ್ಮಾ ಎಂಬ ಇನ್ನೊಂದು, ಆಮೇಲೆ ಬಳೆಯೋ ಮೊಣಕಾಲೋ ನೆಲಕ್ಕೆ ತಾಗಿದ್ದು, ಅವನು ತಿರುಗಲಿಲ್ಲ, ತಿರುಗಿದರೆ ಅವಳು ಅಮ್ಮನನ್ನು ನೋಡುತ್ತಿರುವುದಿಲ್ಲ, ತನ್ನನ್ನು ನೋಡುತ್ತಿರುತ್ತಾಳೆ, ಅದು ಅವನಿಗೆ ಗೊತ್ತಿತ್ತು. ಎಷ್ಟ್ ಹೊತ್ತು ನಿಂತಿದ್ಳು? ಅತ್ತೆ ಕೇಳಿದರು. ಗೊತ್ತಿಲ್ಲಮ್ಮ, ನಾನು ಒಳಗ್ ಹೋದೆ, ನಾನು ನೋಡ್ಲಿಲ್ಲ ಅಮ್ಮ, ನಂಗೊತ್ತಿಲ್ಲ — ಮಗಳ ಮಾತು ಮುಗಿಯುವ ಮೊದಲೇ ಅತ್ತೆ ಇವನ ಕಡೆ ತಿರುಗಿದ್ದರು, ಕಣ್ಣಲ್ಲಿ ನೀರಿಲ್ಲ, ಒಂದು ಆಸೆ ಇತ್ತು, ಅಯ್ಯೋ ಅದು ಆಸೆಯೇ, ಕಥೆ ಬರೆಯುವ ಅಳಿಯನ ಮೇಲೆ ಇಟ್ಟ ಆಸೆ, ಅವ್ಳಿಗೆ ಗೊತ್ತಿಲ್ಲ, ನೀವ್ ಬರ್ದಿದ್ದೀರಲ್ಲ, ನೀವು ಹೇಳಿ, ಎಷ್ಟ್ ಹೊತ್ತು ನಿಂತಿದ್ಳು ನಮ್ ಸಣ್ಣಿ?

ಎಷ್ಟು ಹೊತ್ತು — ಶೂಟಿಂಗಿನಲ್ಲಿ ನಿರ್ದೇಶಕನೂ ಇದನ್ನೇ ಕೇಳಿದ್ದ, ಸಾರ್ ಇವ್ನು ಬಾಗಿಲ ಮುಂದೆ ಎಷ್ಟು ಹೊತ್ತು ನಿಲ್ಬೇಕು, ನಗು ಮುಗಿಯೋವರೆಗೂ ನಿಲ್ಲಲಿ ಬಿಡಿ ಅಂದಿದ್ದ ಅವನು, ಕೈಯಲ್ಲಿ ಟೀ ಲೋಟ ಹಿಡಿದುಕೊಂಡು, ನಗು ಮುಗಿಯೋವರೆಗೂ — ಅವನು ನೋಡಿದ್ದೇ ಇಲ್ಲ, ಆ ಮಧ್ಯಾಹ್ನ ಅವನು ಈ ಮನೆಯಲ್ಲೇ ಇರಲಿಲ್ಲ, ಆದರೂ ಎಷ್ಟು ಸ್ಪಷ್ಟವಾಗಿ, ಅತ್ತೆಯ ಮುಖದ ಮೇಲೇ, ಆ ಊದಿದ ಗಾಜು, ಆ ಮೂಗು, ಬೆಲ್ಲಿನ ಕಡೆ ಒಂದು ಸಲ ಎದ್ದು ಹಾಗೇ ಇಳಿದ ಬೆರಳು, ಮತ್ತೆ ಚೀಲ, ಈ ಕೈಯಿಂದ ಆ ಕೈಗೆ, ಭಾರ, ಆ ಕೈಯಿಂದ ಈ ಕೈಗೆ, ಇನ್ನೂ ನಿಂತಿದ್ದಾಳೆ, ಈ ಕೈಯಿಂದ ಆ ಕೈಗೆ